ಹದಿನಾರಲ್ಲ, ಇಪ್ಪತ್ತಾರು ಹೊಲಿಗೆ

ಬೆಳಗಿನ ಐದೂವರೆ. ಮನೆಯವರೆಲ್ಲ ಇನ್ನೂ ಮಗ್ಗುಲು ಬದಲಿಸುತ್ತಿರುವ ಹೊತ್ತಿಗೆ ಅವರು ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತಾಗಿದೆ. ಮಡಿಲಲ್ಲಿ ಹಳದಿ ಉಣ್ಣೆಯ ಉಂಡೆ, ಕೈಯಲ್ಲಿ ಎರಡು ಕಡ್ಡಿ, ಎದುರಿನ ಸ್ಟೂಲಿನ ಮೇಲೆ ಟೈಪು ಮಾಡಿದ ಒಂದು ಹಾಳೆ. ಜೊತೆಗೆ ಬಂದ ಚಿತ್ರ ಮಾತ್ರ ಅಂಟಿಸಿದ ಲಕೋಟೆಯೊಳಗೇ ಇದೆ. ಹೆಣಿಗೆ ಮುಗಿಯುವ ತನಕ ಅದನ್ನು ಒಡೆಯುವಂತಿಲ್ಲ. ಬೇರೆ ಯಾರೋ ಹೇರಿದ ಕಟ್ಟಳೆಯಲ್ಲ ಇದು, ಅವರೇ ತಮಗೆ ಹಾಕಿಕೊಂಡದ್ದು.

"ಚಿತ್ರ ನೋಡಿದ್ರೆ ಕೈ ಮುಂದೆ ಮುಂದೆ ಓಡತ್ತೆ. ಬರೆದಿರೋದನ್ನ ಬಿಟ್ಟು ತನಗೆ ಗೊತ್ತಿರೋದನ್ನ ಮಾಡತ್ತೆ. ಓದೋರ ಮನೆಗೆ ನನ್ನ ಕೈ ಕಳಿಸೋಕಾಗತ್ತಾ? ಹಾಳೆ ತಾನೇ ಹೋಗೋದು," ಎನ್ನುತ್ತಾರೆ.

ಅರವತ್ತು ವರ್ಷಗಳಿಂದ ಒಂದು ವಾರವೂ ತಪ್ಪದೆ ಬರುತ್ತಿರುವ ಮಹಿಳಾ ವಾರಪತ್ರಿಕೆಯ ಹೆಣಿಗೆ ಪುಟದ ಹಿಂದಿನ ಕೈ ಇವರದು. ಬರುವ ಪ್ರತಿ ನಮೂನೆಯನ್ನೂ ಅಚ್ಚಿಗೆ ಹೋಗುವ ಮೊದಲು ಹೆಣೆದು ನೋಡಿ, ಸರಿಯಿದ್ದರೆ ಹಾಳೆಯ ಮೂಲೆಯಲ್ಲಿ ಕೆಂಪು ಗುರುತು ಹಾಕುವುದು ಕೆಲಸ. ಕಚೇರಿಯಲ್ಲಿ ಎಲ್ಲರಿಗೂ ಅವರು ಕಡ್ಡಿಯಕ್ಕ. ಕೈಯಲ್ಲಿರುವ ಕಡ್ಡಿಯಿಂದ ಬಂದ ಹೆಸರೋ, ಕಡ್ಡಿ ಮುರಿದ ಹಾಗೆ ಮಾತಾಡುವುದರಿಂದ ಬಂದದ್ದೋ ಎಂದು ಕೇಳಿದರೆ, ಎರಡೂ ಇರಬಹುದು ಎಂದು ನಗುತ್ತಾರೆ.

ಪತ್ರಿಕೆ ಶುರುವಾದಾಗ ಇದ್ದದ್ದು ಹನ್ನೆರಡೇ ಪುಟ. ಮೊದಲ ಸಂಪಾದಕಿ ಮುದ್ರಣಾಲಯದ ಹಿಂದಿನ ಕೋಣೆಯಲ್ಲಿ, ಕಾಗದದ ಸುರುಳಿಗಳ ನಡುವೆ ಒಂದು ಮೇಜು ಗಿಟ್ಟಿಸಿಕೊಂಡು ಕೆಲಸ ನಡೆಸುತ್ತಿದ್ದರು. ಆರು ತಿಂಗಳು ನಡೆದರೆ ಹೆಚ್ಚು ಎಂದು ಮೂಗು ಮುರಿದವರಿಗೆ ಲೆಕ್ಕವಿರಲಿಲ್ಲವಂತೆ. ಅಚ್ಚುಮೊಳೆ ಹೋಗಿ ಕಂಪ್ಯೂಟರ್ ಬಂತು, ಮೂವರು ಸಂಪಾದಕಿಯರು ಬದಲಾದರು, ಧಾರಾವಾಹಿಯ ನಾಯಕಿಯರು ಅಳುವುದನ್ನು ಬಿಟ್ಟು ಕೆಲಸಕ್ಕೆ ಸೇರಿದರು. ಹೆಣಿಗೆ ಪುಟ ಮಾತ್ರ ಜಾಗ ಬಿಟ್ಟು ಕದಲಲಿಲ್ಲ. ಮೂವತ್ತೆಂಟು ವರ್ಷದ ಕೆಳಗೆ ಓದುಗರ ಪತ್ರ ವಿಂಗಡಿಸಲು ಸೇರಿದ ಕಡ್ಡಿಯಕ್ಕ ಈವರೆಗೆ ಹೆಣೆದು ನೋಡಿದ ನಮೂನೆಗಳು ಎರಡು ಸಾವಿರದ ಹತ್ತಿರ. ಈಗ ಹೆಬ್ಬೆರಳಿನ ಗೆಣ್ಣು ಊದಿಕೊಂಡಿದೆ. ಬಿಸಿನೀರಿನಲ್ಲಿ ಅದ್ದಿ ಸಡಿಲ ಮಾಡಿಕೊಳ್ಳದೆ ಮೊದಲ ಸಾಲು ಏಳುವುದಿಲ್ಲ.

ನಿವೃತ್ತ ಬಸ್ ಕಂಡಕ್ಟರ್ ಆಗಿರುವ ಗಂಡನದು ಬೇರೆಯೇ ದೂರು: "ಮಧ್ಯೆ ಮಾತಾಡಿಸಿದ್ರೆ ಉತ್ತರದ ಬದಲು ಒಂದು ನಂಬರ್ ಬರತ್ತೆ. ಕಾಫಿ ಬೇಕಾ ಅಂದ್ರೆ ನಲವತ್ತೆರಡು ಅಂತಾಳೆ."

ಇಷ್ಟು ಕಟ್ಟುನಿಟ್ಟಿನ ಹಿಂದೆ ಒಂದು ತಪ್ಪಿದೆ. ಕೆಲಸಕ್ಕೆ ಸೇರಿದ ಮೂರನೇ ವರ್ಷ ಮಗುವಿನ ಸ್ವೆಟರಿನ ನಮೂನೆಯೊಂದು ಬಂತು. ತಲೆ ತೂರುವಷ್ಟು ಕತ್ತಿನ ತೆರವು ಬಿಡಲು ಕಡ್ಡಿಯ ಮೇಲಿನ ನಡುವಿನ ಇಪ್ಪತ್ತಾರು ಹೊಲಿಗೆ ಮುಚ್ಚಬೇಕಿದ್ದಲ್ಲಿ ಹಾಳೆಯಲ್ಲಿ ಹದಿನಾರು ಎಂದಿತ್ತು. ಚಿತ್ರ ನೋಡುತ್ತಾ ಹೆಣೆಯುತ್ತಿದ್ದ ಅವರ ಪಳಗಿದ ಕೈ ತಾನಾಗಿಯೇ ಇಪ್ಪತ್ತಾರು ಮುಚ್ಚಿತು. ಸ್ವೆಟರ್ ಚೆಂದವಾಗಿ ಬಂತು, ಕೆಂಪು ಗುರುತು ಬಿತ್ತು, ಪತ್ರಿಕೆ ಊರೂರಿಗೆ ಹೋಯಿತು. ಎರಡು ವಾರದಲ್ಲಿ ಪತ್ರಗಳ ಸುರಿಮಳೆ. ಯಾವ ಮಗುವಿನ ತಲೆಯೂ ಆ ಕತ್ತಿನಲ್ಲಿ ತೂರುತ್ತಿರಲಿಲ್ಲ.

ಬೈದವರ ಪತ್ರಗಳು ಅವರಿಗೆ ಮರೆತುಹೋಗಿವೆ. ಮರೆಯದೆ ಉಳಿದದ್ದು ಬೈಯದೇ ಇದ್ದ ಒಬ್ಬ ಹೊಸ ತಾಯಿಯ ಪತ್ರ. "ಮೊದಲ ಸಲ ಹೆಣೆದೆ. ನನ್ನ ಕೈಯೇ ಸರಿಯಿಲ್ಲ ಅಂದುಕೊಂಡು ಮೂರು ಸಲ ಬಿಚ್ಚಿದೆ. ಇನ್ನು ಮುಂದೆ ಹೆಣೆಯುವುದಿಲ್ಲ," ಎಂದು ಆಕೆ ಬರೆದಿದ್ದರು. ತಿದ್ದುಪಡಿ ಅಚ್ಚಾದದ್ದು ಸೋಪಿನ ಜಾಹೀರಾತಿನ ಕೆಳಗೆ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ. ಲಕೋಟೆಯ ಕಟ್ಟಳೆ ಶುರುವಾದದ್ದು ಆ ವಾರ. ಮಗುವಿನ ತಲೆಯಳತೆಯ ರಬ್ಬರ್ ಚೆಂಡೊಂದು ಮನೆಗೆ ಬಂದದ್ದೂ ಆಗಲೇ. ಅಂದಿನಿಂದ ಮಕ್ಕಳ ಉಡುಪೇನೇ ಇರಲಿ, ಚೆಂಡು ತೂರದೆ ಕೆಂಪು ಗುರುತಿಲ್ಲ.

ಈಗ ಅರವತ್ತರ ವಿಶೇಷ ಸಂಚಿಕೆಗೆ ಹಳೆಯ ಸಂಪುಟಗಳಿಂದ ಒಂದು ನಮೂನೆ ಆರಿಸಿದ್ದಾರೆ. ಹೋದ ತಿಂಗಳು ಆ ಹಾಳೆ ಕೈಗೆ ಬಂದಾಗ, ಹದಿನಾರು ಎಂಬ ಅಂಕೆ ಕಂಡದ್ದೇ ಅದನ್ನು ಹಿಡಿದು ಸೀದಾ ಸಂಪಾದಕಿಯ ಕೋಣೆಗೆ ಹೋದರು. ಅದೇ ಸ್ವೆಟರ್. ಈಗಿನ ಸಂಪಾದಕಿ, ಅವರ ಮಗಳ ವಯಸ್ಸಿನವರು, ಸಮಾಧಾನದಿಂದಲೇ ಹೇಳಿದರು: "ಅಂಕೆ ತಿದ್ದಿಬಿಡೋಣ ಅಕ್ಕ. ಸಂಭ್ರಮದ ಸಂಚಿಕೆ, ಹಳೇದನ್ನ ಯಾಕೆ ಕೆದಕೋದು? ಯಾರಿಗೂ ಗೊತ್ತಾಗಲ್ಲ."

"ನನಗೆ ಗೊತ್ತಲ್ಲ. ಬಿಚ್ಚಿದೋರಿಗೂ ಗೊತ್ತು," ಎಂದರು ಕಡ್ಡಿಯಕ್ಕ. ತಪ್ಪಾಗಿತ್ತೆಂದು ಅದೇ ಪುಟದಲ್ಲಿ, ಅದೇ ಅಳತೆಯ ಅಕ್ಷರದಲ್ಲಿ ಬರೆಯದಿದ್ದರೆ ಗುರುತು ಹಾಕಲು ಬೇರೆಯವರನ್ನು ನೋಡಿಕೊಳ್ಳಿ ಎಂದು ಕೆಂಪು ಪೆನ್ನನ್ನು ಮೇಜಿನ ಮೇಲಿಟ್ಟು ಮನೆಗೆ ಬಂದುಬಿಟ್ಟರು. ಮೂವತ್ತೆಂಟು ವರ್ಷದ ಕೆಲಸ ಆ ಪೆನ್ನಿನ ಜೊತೆಗೇ ಅಲ್ಲಿ ಉಳಿಯಿತು. ನಾಲ್ಕು ದಿನ ಮನೆಯಲ್ಲಿ ಕಡ್ಡಿಯ ಸದ್ದಿಲ್ಲ. ಕಾಫಿ ಬೇಕಾ ಎಂದರೆ ಬೇಡ ಎಂಬ ಉತ್ತರ ಬರತೊಡಗಿದಾಗ ಗಂಡನಿಗೇ ಗಾಬರಿಯಾಯಿತಂತೆ.

ಐದನೆಯ ದಿನ ಸಂಪಾದಕಿಯೇ ಮನೆ ಬಾಗಿಲಿಗೆ ಬಂದರು. ಪೆನ್ನು, ತಿದ್ದಿದ ಹಾಳೆ, ಲಕೋಟೆ ಎಲ್ಲವನ್ನೂ ತಂದಿದ್ದರು. ಹಾಳೆಯ ಮೇಲ್ಗಡೆಯೇ ಟೈಪಾಗಿತ್ತು: ಅಂದು ಕತ್ತು ಬಿಗಿಯಾದದ್ದು ನಿಮ್ಮ ಕೈತಪ್ಪಿನಿಂದಲ್ಲ, ನಮ್ಮ ತಪ್ಪಿನಿಂದ.

ಇವತ್ತು ಕಿಟಕಿಯ ಬಳಿ ಮುಗಿಯುತ್ತಿರುವುದು ಆ ಹಳದಿ ಸ್ವೆಟರ್. ಪತ್ರ ಬರೆದ ತಾಯಿ ಇನ್ನೂ ಪತ್ರಿಕೆ ಓದುತ್ತಾರೋ ಇಲ್ಲವೋ ಗೊತ್ತಿಲ್ಲ. "ಅವರ ಕಣ್ಣಿಗೆ ಬಿದ್ರೆ ಸಾಕು. ಮಗು ಬೆಳೆದಾಯ್ತು, ಮೊಮ್ಮಗೂಗಾದ್ರೂ ಹೆಣೀಲಿ," ಎನ್ನುತ್ತಾ ಕೊನೆಯ ಎಳೆ ಕತ್ತರಿಸುತ್ತಾರೆ. ಅಲಮಾರಿಯಿಂದ ಬಣ್ಣ ಮಾಸಿದ ಚೆಂಡು ತೆಗೆದು ಸ್ವೆಟರಿನ ಕತ್ತಿನ ಮೇಲಿಟ್ಟು, ಅಂಗೈಯಿಂದ ಮೆಲ್ಲಗೆ ಒತ್ತುತ್ತಾರೆ. ಚೆಂಡು ಸಲೀಸಾಗಿ ಒಳಗಿಳಿದು ಮಡಿಲಿಗೆ ಬೀಳುತ್ತದೆ.

"ಹೋಯ್ತು ನೋಡಿ," ಎನ್ನುತ್ತಾ ಕೆಂಪು ಪೆನ್ನಿನ ಮುಚ್ಚಳ ತೆಗೆಯುತ್ತಾರೆ. "ಮೂವತ್ತೈದು ವರ್ಷ ತಡ ಆಯ್ತು. ಆದ್ರೆ ಹೋಯ್ತು."