ಮುಂಡಗೋಡದ ದಾರಿಯಲ್ಲಿ ಅವ್ವ ಮತ್ತು ಮೋಟಾರ್ ಸೈಕಲ್

ದಾಂಡೇಲಿ ಬಿಟ್ಟಾಗ ಇನ್ನೂ ಮಂಜಿತ್ತು. ಯುದ್ಧಕಾಲದ ನನ್ನ ಹಳೆಯ ಮೋಟಾರ್ ಸೈಕಲ್ಲಿನ ಹಿಂದೆ ಅವ್ವ, ಅವಳ ತೊಡೆಯ ಮೇಲೆ ಹಸಿರು ಸೀರೆ, ಖಣ, ಬುತ್ತಿಯ ಗಂಟು. ಮುಂಡಗೋಡದಲ್ಲಿ ಗಂಡನ ಮನೆಯಲ್ಲಿದ್ದ ತಂಗಿ ಶಾಂತಾ ಏಳು ತಿಂಗಳ ಬಸುರಿ. ಅಂದೇ ಮಧ್ಯಾಹ್ನ ಕುಬಸ, ಎಂದರೆ ಸೀಮಂತದ ಕಾರ್ಯ. ಅಪ್ಪ ತೀರಿಕೊಂಡ ಮೇಲೆ ಅವ್ವ ಯಾವ ಶುಭಕಾರ್ಯಕ್ಕೂ ಹೋದವಳಲ್ಲ. ‘ಅವ್ವ ಬಂದರಷ್ಟ ಸೀರಿ ಉಡ್ತೇನಿ’ ಎಂದು ಶಾಂತಾ ಹೇಳಿಕಳಿಸಿದ್ದಕ್ಕೆ ಹೇಗೋ ಹೊರಟಿದ್ದಳು.

ಹಳಿಯಾಳದವರೆಗಿನ ಹನ್ನೆರಡು ಮೈಲಿ ಸುಖವಾಗಿ ಕಳೆಯಿತು. ಚುರಮುರಿ ತಿಂದು, ಚಹಾ ಕುಡಿದು ಊರು ದಾಟಿದೆವೋ ಇಲ್ಲವೋ, ಬಂಡಿ ಬಿಕ್ಕಳಿಸಿ ನಿಂತಿತು. ತುಸು ಹೊತ್ತು ಬಿಟ್ಟು ಒದ್ದರೆ ಚಾಲೂ ಆಗುವುದು, ಅರ್ಧ ಮೈಲಿಗೆ ಮತ್ತೆ ನಿಲ್ಲುವುದು.

ಮೂರನೆಯ ಸಲ ಅವ್ವ ಗಂಟನ್ನು ನನ್ನ ಕೈಗಿಟ್ಟಳು. ‘ನಾ ಬಸ್ ಹಿಡಿದು ತಿರುಗಿ ಹೋಗ್ತೇನಿ. ನೀ ನಡಿ. ನಾ ಕೂತಿದ್ದಕ್ಕ ಗಾಡಿ ನಿಂತೈತಿ.’

‘ಯಾರ ಕೂತಾರಂತ ಗಾಡಿಗೇನ ಗೊತ್ತವ್ವಾ? ಕೂಡು, ನೋಡ್ತೇನಿ’ ಎಂದು ರೇಗಿದೆ. ಸಿಟ್ಟು ಅವಳ ಮೇಲಲ್ಲ, ಅವಳಿಗೆ ಹಾಗೆ ಯೋಚಿಸಲು ಕಲಿಸಿದವರ ಮೇಲೆ. ಕಾರಣ ಸಿಗದಿದ್ದರೆ ಅವಳು ನಿಜಕ್ಕೂ ಹೊರಟುಬಿಡುವವಳೇ.

ಪ್ಲಗ್ ಬಿಚ್ಚಿದೆ; ಕಿಡಿ ಚೆನ್ನಾಗಿತ್ತು. ಪೆಟ್ರೋಲ್ ಟಾಕಿಯ ಮುಚ್ಚಳದ ಗಾಳಿತೂತು ತೆರೆದೇ ಇತ್ತು. ನಳಿಗೆ ಕಳಚಿದರೆ ಪೆಟ್ರೋಲು ಧಾರಾಳವಾಗಿ ಬಂತು. ಉಳಿದದ್ದು ಕಾರ್ಬುರೇಟರ್. ಅದರ ತಳದ ಬಟ್ಟಲು ಬಿಚ್ಚಿ, ಪೆಟ್ರೋಲು ಹಾಯುವ ಸಣ್ಣ ಜೆಟ್ಟನ್ನು ಬಿಸಿಲಿಗೆ ಹಿಡಿದರೆ ತೂತಿನಲ್ಲಿ ಬೆಳಕೇ ಇಲ್ಲ. ಜೋರಾಗಿ ಊದಿದೆ. ಅಂಗೈ ಮೇಲೆ ಬಿಳಿ ನಾರು ಬಿತ್ತು.

ಕಾಗದದ ಮಿಲ್ಲಿನಲ್ಲಿ ದುಡಿಯುವ ನಮಗೊಂದು ಚಟ: ಎಣ್ಣೆಯಿರಲಿ, ಜೇನಿರಲಿ, ಬ್ಲಾಟಿಂಗ್ ಪೇಪರಿನ ಚೂರು ಸುತ್ತಿ ಸೋಸುವುದು. ಬೆಳಿಗ್ಗೆ ಪೆಟ್ರೋಲನ್ನೂ ಹಾಗೇ ಸೋಸಿ ಟಾಕಿಗೆ ಸುರಿದಿದ್ದೆ. ತಪ್ಪು ನನ್ನದೆಂದು ತಿಳಿದು ಅಷ್ಟು ಖುಷಿಪಟ್ಟದ್ದು ಜನ್ಮದಲ್ಲಿ ಅದೊಂದೇ ಸಲ.

‘ನೋಡವ್ವಾ, ಇದು ನಿನ್ನ ಕಾಲ್ಗುಣ ಅಲ್ಲ. ನನ್ನ ಶಾಣ್ಯಾತನ.’

ಅವ್ವ ನಾರನ್ನು ಬೆರಳಲ್ಲಿ ತಿಕ್ಕಿ ನೋಡಿದಳು. ‘ಹುಚ್ಚಪ್ಪಾ, ಕಾಗದದಾಗ ಯಾರರ ಸೋಸ್ತಾರೇನು?’ ಎಂದು ನಕ್ಕಳು. ಟಾಕಿಯ ಪೆಟ್ರೋಲನ್ನು ಜತೆಗಿದ್ದ ಡಬ್ಬಿಗೆ ಇಳಿಸಿದೆ. ಎಂಜಿನ್ ತಣ್ಣಗಾದ ಮೇಲೆ, ನಾನು ಬೇಡವೆಂದರೂ ಕೇಳದೆ, ಟಾಕಿಯ ಬಾಯಿಗೆ ತನ್ನ ಸೆರಗನ್ನೇ ಹಿಡಿದು ಅವಳೇ ಸೋಸಿದಳು.

ಕಲಘಟಗಿ ದಾಟಿ ಮುಂಡಗೋಡ ಮುಟ್ಟುವವರೆಗೆ ಬಂಡಿ ಎಲ್ಲೂ ನಿಲ್ಲಲಿಲ್ಲ. ಶಾಂತಾಳ ಮನೆಯ ಮುಂದೆ ಅವ್ವ ನಿಂತಳು. ಒಳಗೆ ಹೆಂಗಸರು ಹಾಡುತ್ತಿದ್ದರು.

‘ನಾ ಹಿತ್ತಲಕಡಿಂದ ಬರ್ತೇನಿ’ ಎನ್ನುವಷ್ಟರಲ್ಲಿ ಶಾಂತಾ ಹೊಸ್ತಿಲು ದಾಟಿ ಬಂದು, ಚಿಕ್ಕವಳಿದ್ದಾಗಿನಂತೆ ಅವಳ ಸೆರಗನ್ನು ಮುಖಕ್ಕೆ ಒತ್ತಿಕೊಂಡಳು.

‘ಯವ್ವಾ! ಪೆಟ್ರೋಲ್ ವಾಸನಿ!’

ಆದರೂ ಸೆರಗು ಬಿಡಲಿಲ್ಲ. ಹಾಗೇ ಹಿಡಿದುಕೊಂಡು ಅವ್ವನನ್ನು ಮುಂಬಾಗಿಲಿನಿಂದಲೇ ಒಳಗೆ ಕರೆದೊಯ್ದಳು.