ಹನ್ನೆರಡನೆಯ ವಾದ್ಯ

ಹನ್ನೆರಡು ವಾದ್ಯ ನುಡಿಸುವವನು ಎಂದು ಜನ ನನ್ನನ್ನು ಕರೆಯುತ್ತಾರೆ. ಅದರಲ್ಲೊಂದು ಸುಳ್ಳು. ಹಾರ್ಮೋನಿಯಂ, ಕ್ಲಾರಿಯೊನೆಟ್, ತಬಲ, ಗಿಟಾರು — ಹನ್ನೊಂದರ ತನಕ ಕೈಯೂ ನನ್ನದು, ಬಾಯಿಯೂ ನನ್ನದು. ಹನ್ನೆರಡನೆಯದು ಶಹನಾಯಿ. ಅದರಲ್ಲಿರುವುದು ಕಂಪ್ಲಿಯ ಹುಲುಗಪ್ಪಣ್ಣನ ಉಸಿರು. ಅದನ್ನು ಸುಳ್ಳು ಹೇಳಿ ಇಸಿದುಕೊಂಡೆ. ಆಮೇಲೆ ಆತ ಎದುರಿಗೆ ಬಂದು ನಿಂತು ಕೇಳಿದಾಗ — ಅಲ್ಲ ಅಂದೆ.

ನಾನು ಹೊಸಪೇಟೆಯವನು. ತಾತ ಮದುವೆ ಬ್ಯಾಂಡಿನಲ್ಲಿ ಕ್ಲಾರಿಯೊನೆಟ್ ಊದುತ್ತಿದ್ದರು. ಮಾತು ಕಲಿತದ್ದೂ ಅವರ ತೊಡೆಯ ಮೇಲೆ, ಮಟ್ಟು ಕಲಿತದ್ದೂ ಅಲ್ಲೇ. ಬೆಳೆದ ಮೇಲೆ ಸಂಡೂರಿನ ಕಡೆ ಬಯಲಾಟಕ್ಕೆ ಹಾರ್ಮೋನಿಯಂ ಹಿಡಿದೆ. ಹಂಪಿಯ ಗೆಸ್ಟ್‌ಹೌಸಿನಲ್ಲಿ ಇಳಿದಿದ್ದ ಪರದೇಶದವನೊಬ್ಬ ಗಿಟಾರಿನ ಮೇಲೆ ಬೆರಳಿಡುವುದನ್ನು ತೋರಿಸಿದ. ಉಳಿದದ್ದನ್ನು ತಡವಿ ತಡವಿ ಕಲಿತೆ. ಬಯಲಾಟದ ಮಟ್ಟಿಗೆ ಗಿಟಾರು ಕೂಡಿಸಿದರೆ ಕೇಳುವವರು ತಲೆದೂಗುತ್ತಿದ್ದರು. ಆದರೆ ಅದಕ್ಕೆ ಜೀವ ಬಂದದ್ದು ಹುಲುಗಪ್ಪಣ್ಣ ಬಂದು ಪಕ್ಕದಲ್ಲಿ ಕುಳಿತ ಮೇಲೆ. ಅಪ್ಪ, ಅಜ್ಜನ ಕಾಲದಿಂದ ಮುಹೂರ್ತಕ್ಕೆ ಶಹನಾಯಿ ಊದುವ ಮನೆತನ ಆತನದು.

"ನಿನ್ನ ಗಿಟಾರ ಹೊಸ ಬೀಗರಿದ್ದಂಗ ಐತಿ ತಮ್ಮಾ," ಅಂದಿದ್ದ ಮೊದಲ ದಿನವೇ. "ಭಾಳ ಮಾತಾಡ್ತೈತಿ. ಸ್ವಲ್ಪ ಕುಂದ್ರು ಅನ್ನು ಅದಕ್ಕ."

ಏಳು ವರ್ಷ ಜೊತೆಯಾಗಿ ನುಡಿಸಿದೆವು. ಎಲ್ಲೆಲ್ಲಿಂದಲೋ ಕರೆ ಬಂದವು. ಆತನಿಗೆ ಚಹಾ ಬೇಕು, ಬಾಯಿಗಿಡುವ ಪೀಪಿ ನೆನೆಯಬೇಕು, ತುಟಿ ಕಾಯಬೇಕು — ಅಲ್ಲಿಯ ತನಕ ನಾನು ಕಾಯಬೇಕು. ಮತ್ತೆ ಚಪ್ಪಾಳೆ ಬಿದ್ದಾಗ ಜನ ನೋಡುತ್ತಿದ್ದದ್ದು ಆತನ ಮುಖವನ್ನು. ಇದು ನೆಪವಲ್ಲ. ನನ್ನೊಳಗೆ ಏನು ಕೊಳೆಯುತ್ತಿತ್ತು ಎಂದು ಹೇಳುತ್ತಿದ್ದೇನೆ, ಅಷ್ಟೆ.

ಕಮಲಾಪುರದಲ್ಲಿ ಬಾಳೆತೋಟದ ಪಕ್ಕ ಒಂದು ಕೋಣೆ ಹಿಡಿದಿದ್ದೆ. ಸದ್ದು ಹೊರಗೆ ಹೋಗದಂತೆ ಗೋಡೆಗೆಲ್ಲ ಕೌದಿ ತೂಗುಹಾಕಿದ್ದೆ. ಒಂದು ಮಧ್ಯಾಹ್ನ ಆತನನ್ನು ಕರೆಸಿದೆ. ಆತನ ಹೆಂಡತಿ ಕಟ್ಟಿಕೊಟ್ಟಿದ್ದ ಒಗ್ಗರಣೆ ಮಂಡಕ್ಕಿಯನ್ನು ಮೊದಲು ನನಗೆ ತಿನ್ನಿಸಿ, ಆಮೇಲೆ ಶಹನಾಯಿ ಕೈಗೆತ್ತಿಕೊಂಡ.

"ಮೈಕ್ ಹೊಂದಿಸ್ಬೇಕಣ್ಣ. ಒಂದೊಂದ ಸ್ವರ ಊದಿ ಸುಮ್ನಾಗು."

"ಒಂದ ಸ್ವರ ಊದಿ ಹೆಂಗ ಸುಮ್ನಾಗ್ಲಿ? ಹೊರಗ ಕಳಿಸಿದ ಮ್ಯಾಲ ಅದನ್ನ ಮನಿಗೆ ಕರ್ಕೊಂಡು ಬರ್ಬೇಕಲೇ."

ಅದು ಆ ಮನೆತನದ ಕಟ್ಟಳೆ. ಯಾವ ಸ್ವರ ಊದಿದರೂ ಮತ್ತೆ 'ಸಾ'ಕ್ಕೆ ಬಂದು ನಿಂತಲ್ಲದೆ ಶಹನಾಯಿ ಬಾಯಿಂದ ಇಳಿಸುವುದಿಲ್ಲ. ರಿ ಊದಿದ, ಸಾಕ್ಕೆ ಬಂದ. ಗ ಊದಿದ, ಸಾಕ್ಕೆ ಬಂದ. ಏರಿಕೆ, ಇಳಿಕೆ, ಮೆಲ್ಲಗೆ, ಜೋರಾಗಿ — ಸಂಜೆಯ ತನಕ ಊದಿಸಿ, ಆತನಿಗೆ ಹೇಳದೆ ಎಲ್ಲವನ್ನೂ ರೆಕಾರ್ಡು ಮಾಡಿಕೊಂಡೆ. ಮೈಕ್ ಹೊಂದಿಸಲು ಅಷ್ಟೆಲ್ಲ ಏಕೆ ಎಂದು ಆತ ಕೇಳಲಿಲ್ಲ. ನನ್ನ ಮಾತೆಂದರೆ ಆತನಿಗೆ — ಹೋಗಲಿ.

ಆತ ಹೋದ ಮೇಲೆ ಕಂಪ್ಯೂಟರಿನಲ್ಲಿ ಒಂದೊಂದು ಸ್ವರವನ್ನೂ ಬಿಡಿಸಿ, ಮನೆಗೆ ಮರಳುವ ತುಂಡುಗಳನ್ನೆಲ್ಲ ಕತ್ತರಿಸಿ ಬಿಸಾಕಿ, ಉಳಿದದ್ದನ್ನು ಕೀಬೋರ್ಡಿಗೆ ತುಂಬಿದೆ. ಕೀ ಒತ್ತಿದರೆ ಸಾಕು, ಹುಲುಗಪ್ಪಣ್ಣ ಊದುತ್ತಿದ್ದ. ಚಹಾ ಬೇಡ, ಕಾಯುವುದು ಬೇಡ. ಆತನ ಮುಂದಿನ ಹಲ್ಲು ಅರ್ಧ ಮುರಿದಿತ್ತು. ಅದಕ್ಕೇ 'ನಿ'ಯಲ್ಲಿ ಸಣ್ಣದೊಂದು ಗಾಳಿಯ ಸೀಳು. ಎಷ್ಟು ತಿಕ್ಕಿದರೂ ಅದು ಹೋಗಲಿಲ್ಲ.

"ಅಣ್ಣ, ಈ ಸಲ ನನ್ನೊಬ್ಬನ್ನ ಕರ್ದಾರ," ಅಂದೆ ಒಮ್ಮೆ. ಇನ್ನೊಮ್ಮೆ ಅಂದೆ. ಮೂರನೆಯ ಸಲ ಹೇಳುವ ಗೊಡವೆಗೇ ಹೋಗಲಿಲ್ಲ. ಪೋಸ್ಟರಿನಲ್ಲಿ ನನ್ನದೊಂದೇ ಮುಖ ಬಂತು.

ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತಿದ್ದರು ತಾತ. ನಾನು ಎಣಿಸಲಿಲ್ಲ — ಕಿತ್ತುಕೊಂಡೇ ಬಂದೆ.

ಸಂಡೂರಿನಲ್ಲೊಂದು ಮದುವೆ. ಬೆಳಗಿನ ಮುಹೂರ್ತ. ತಾಳಿ ಕಟ್ಟುವ ಹೊತ್ತಿಗೆ ಕೀಬೋರ್ಡಿನಲ್ಲಿ ಶಹನಾಯಿ ಹಾಕಿ ಬೆರಳಾಡಿಸುತ್ತಿದ್ದೆ. ತಲೆ ಎತ್ತಿದರೆ, ವೇದಿಕೆಯ ಕೆಳಗೆ ಹುಲುಗಪ್ಪಣ್ಣ. ಹೆಣ್ಣಿನವರು ಕಂಪ್ಲಿಯವರು, ಊಟಕ್ಕೆ ಕರೆದಿದ್ದರು. ನನ್ನ ಬೆರಳು 'ನಿ'ಯ ಮೇಲಿತ್ತು. ಆತ ನಾಲಿಗೆಯಿಂದ ತನ್ನ ಮುರಿದ ಹಲ್ಲನ್ನು ಮುಟ್ಟಿ ನೋಡಿಕೊಂಡ. ಅಕ್ಷತೆ ಬಿದ್ದ ಮೇಲೆ ಹತ್ತಿರ ಬಂದ.

"ತಮ್ಮಾ, ಅದು ನಾನಲ್ಲೇನು?"

"ಅಲ್ಲಣ್ಣ," ಅಂದೆ. "ಕಂಪನಿಯವ್ರ ತುಂಬಿ ಕೊಟ್ಟಿರ್ತಾರ."

ಆತ ಕೀಬೋರ್ಡಿನತ್ತ ಬಗ್ಗಿ ನೋಡಿದ. ಆಮೇಲೆ ನಕ್ಕ. "ಹಂಗಾರ ಆ ಕಂಪನಿಯವಂದೂ ಹಲ್ಲು ಮುರದೈತಿ ಬಿಡು." ಹೆಗಲ ಮೇಲಿನ ವಲ್ಲಿ ಸರಿಮಾಡಿಕೊಂಡು, ತಿರುಗುವ ಮುಂಚೆ ಮೆಲ್ಲಗೆ ಅಂದ: "ಸ್ವರ ಎಲ್ಲಾ ಹೊರಗ ನಿಂತಾವಲೇ. ಮನಿಗೆ ಕರ್ಕೊಂಡು ಬಾ ಅವನ್ನ."

ಹೆಣ್ಣಿನ ಸೋದರಮಾವ ಕೂಗಿದ, "ಉಂಡು ಹೋಗ್ರಿ, ಹುಲುಗಪ್ಪ."

"ಆತ್ರಿ, ಹೊಟ್ಟಿ ತುಂಬೈತಿ."

ಅದಾಗಿ ಒಂಬತ್ತು ವರ್ಷ. ಕೀಬೋರ್ಡಿನ ಆ ಶಹನಾಯಿಯನ್ನು ನನ್ನ ಶಿಷ್ಯರಿಗೆ ನಕಲು ಮಾಡಿ ಕೊಟ್ಟೆ, ಅವರು ಮತ್ತೊಬ್ಬರಿಗೆ ಕೊಟ್ಟರು. ಈಗ ಕಂಪ್ಲಿಯ ಮದುವೆಗಳಲ್ಲೂ ಅದೇ ನುಡಿಯುತ್ತದೆ. ಆತನನ್ನು ಯಾರೂ ಮುಹೂರ್ತಕ್ಕೆ ಕರೆಯುವುದಿಲ್ಲ — ಕೀಬೋರ್ಡಿನಲ್ಲೇ ಚೆನ್ನಾಗಿ ಬರುತ್ತದಂತೆ. ತನ್ನ ಉಸಿರೇ ತನ್ನ ಓಣಿಯಲ್ಲಿ ಬೇರೆಯವರ ಬೆರಳಿಗೆ ನುಡಿಯುವುದನ್ನು ಆತ ಒಳಗೆ ಕುಳಿತು ಕೇಳುತ್ತಾನೆ. ಅದನ್ನು ನಾನು ವಾಪಸು ತರಲಾರೆ. ಕೊಟ್ಟವರ ಲೆಕ್ಕವೇ ನನಗೆ ತಪ್ಪಿಹೋಗಿದೆ.

ಹೋದ ವಾರ ಕತ್ತರಿಸದೆ ಉಳಿದ ಆ ಮಧ್ಯಾಹ್ನದ ಮೂಲ ರೆಕಾರ್ಡಿಂಗು ಸಿಕ್ಕಿತು. ಕುಳಿತು ಪೂರ್ತಿ ಕೇಳಿದೆ. ಪ್ರತಿ ಸ್ವರವೂ ಹೋಗುತ್ತದೆ, ಮೆಲ್ಲಗೆ ಮನೆಗೆ ಬರುತ್ತದೆ. ನಡುನಡುವೆ ನನ್ನ ದನಿ — "ಹ್ಞೂಂ, ಮುಂದಿಂದು."

ನಾಳೆ ಬೆಳಗ್ಗೆ ಕಂಪ್ಲಿ ಬಸ್ಸು ಹತ್ತುತ್ತೇನೆ. ಕ್ಷಮೆ ಕೇಳುವ ಮುಖ ನನಗಿಲ್ಲ. ಆತ ಬಾಗಿಲು ತೆರೆಯದಿದ್ದರೆ ಹೊರಗೇ ನಿಲ್ಲುತ್ತೇನೆ. ಅಂದು ಕೇಳಿದ್ದಕ್ಕೆ ಉತ್ತರವನ್ನು ಮಾತ್ರ ಬೀದಿಯಲ್ಲಿ ನಿಂತಾದರೂ ಹೇಳಿ ಬರಬೇಕು —

ಹೌದಣ್ಣ, ಅದು ನೀನೇ.