ಎಂಟನೆಯ ವಾಕ್ಯ

ತೊರಪಲ್ಲಿ ಅಗ್ರಹಾರದ ಶ್ಯಾಮಣ್ಣನವರು ಅರವತ್ತೆರಡು ವರ್ಷದ ಬಾಳಿನಲ್ಲಿ ಹೊಸೂರು ದಾಟಿ ಆಚೆ ಹೋದದ್ದು ಮೂರೇ ಸಲ. ಒಂದು ಸಲ ಅಪ್ಪನ ಅಸ್ಥಿ ತೆಗೆದುಕೊಂಡು ಕಾಶಿಗೆ, ಒಂದು ಸಲ ತಮ್ಮದೇ ಮದುವೆಗೆ, ಇನ್ನೊಂದು ಸಲ ದವಡೆ ಹಲ್ಲು ಕೀಳಿಸಿಕೊಳ್ಳಲು ಬೆಂಗಳೂರಿಗೆ. ಇಂಥವರ ದನಿ ಸಮುದ್ರ ದಾಟಿ ಹೋಗುತ್ತದೆ ಎಂದು ಯಾರಾದರೂ ಹೇಳಿದ್ದರೆ ಅವರೇ ನಗುತ್ತಿದ್ದರು. ನಗಲಿಕ್ಕೆ ಪುರುಸೊತ್ತೇ ಸಿಗಲಿಲ್ಲ ಬಿಡಿ. ಸಾವಿರದ ಒಂಬೈನೂರ ನಲವತ್ತೆಂಟರ ಮಾಘ ಮಾಸದಲ್ಲಿ ಒಂದು ಬೆಳಗ್ಗೆ ದೂಳೆಬ್ಬಿಸಿಕೊಂಡು ಒಂದು ವ್ಯಾನು ಬಂದು ಅವರ ಜಗಲಿಯ ಮುಂದೆಯೇ ನಿಂತಿತು.

ಅದರಿಂದ ಇಳಿದವರು ಇಬ್ಬರು. ಒಬ್ಬರು ಹೊಸೂರಿನ ಇಂಗ್ಲಿಷ್ ಮೇಷ್ಟ್ರು ಗೋಪಾಲಪ್ಪ. ಇನ್ನೊಬ್ಬ ಬಿಸಿಲಿಗೆ ಮೂಗು ಸುಲಿದುಹೋಗಿದ್ದ ಎತ್ತರದ ಬಿಳಿ ದೊರೆ. ದೊರೆ ದೇಶದೇಶ ಸುತ್ತಿ ಮಂತ್ರಗಳನ್ನು ಕಪ್ಪು ತಟ್ಟೆಗಳಲ್ಲಿ ಹಿಡಿದಿಡುತ್ತಾನಂತೆ. ಆ ತಟ್ಟೆಗಳನ್ನು ಅವನ ಊರಿನ ದೊಡ್ಡ ಪುಸ್ತಕಭಂಡಾರದಲ್ಲಿ ಇಡುತ್ತಾರಂತೆ, ರೇಡಿಯೋದಲ್ಲಿ ಹಾಕುತ್ತಾರಂತೆ, ಲೋಕದ ಜನವೆಲ್ಲ ಕೇಳಬಹುದಂತೆ. ಶ್ಯಾಮಣ್ಣನವರ ಮನೆತನದ ಪಾಠ ಬೇರೆಲ್ಲೂ ಉಳಿದಿಲ್ಲ ಎಂದು ಬೆಂಗಳೂರಿನ ಪಂಡಿತರೊಬ್ಬರು ಹೇಳಿ ಕಳಿಸಿದ್ದರು.

ಉಳಿದಿಲ್ಲ ಎನ್ನುವುದು ನಿಜ. ವೇದದ ಒಂದು ಅಧ್ಯಾಯವನ್ನು ಆ ಮನೆಯವರು ಏಳು ತಲೆಮಾರಿನಿಂದ ತಮ್ಮದೇ ಒಂದು ಸ್ವರದಲ್ಲಿ ಹೇಳಿಕೊಂಡು ಬಂದಿದ್ದರು. ಇನ್‌ಫ್ಲುಯೆಂಜಾ ಬಂದ ವರ್ಷ ಅಪ್ಪ ಚಾಪೆ ಹಿಡಿದಾಗ ಮಗನ ಕೈ ಹಿಡಿದು, "ಇದು ನಿನ್ನ ಹತ್ರಾನೇ ನಿಂತುಹೋಗಬಾರ್ದು ಕಣೋ" ಎಂದಿದ್ದರು. ಅವರ ಕೊನೆಯ ಮಾತು ಅದೇ. ಶ್ಯಾಮಣ್ಣನವರು ಹದಿನೇಳು ಜನ ಶಿಷ್ಯರಿಗೆ ಪಾಠ ಹೇಳಿದರು. ಒಬ್ಬ ಸೇಲಂ ಕಚೇರಿಯಲ್ಲಿ ಗುಮಾಸ್ತನಾದ, ಇನ್ನೊಬ್ಬ ಮತ್ತಿಗಿರಿಯ ದನದ ಫಾರಮ್ಮಿನಲ್ಲಿ ಹಾಲಿನ ಲೆಕ್ಕ ಬರೆಯಲು ಹೋದ, ಕಟ್ಟಕಡೆಯವನು ಯುದ್ಧ ಬಂದಾಗ ಬೆಂಗಳೂರಿಗೆ ವಿಮಾನ ರಿಪೇರಿಗೆ ಸೇರಿಕೊಂಡ. ಒಬ್ಬನೂ ಪಾಠವನ್ನು ಮುಂದುವರಿಸಲಿಲ್ಲ. ಮಕ್ಕಳಿಲ್ಲ, ಹೆಂಡತಿ ತೀರಿಕೊಂಡು ಹತ್ತು ವರ್ಷ. ಅಪ್ಪನಿಗೆ ಕೊಟ್ಟ ಮಾತು ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

ಆದರೂ ವೇದವನ್ನು ತಟ್ಟೆಗೆ ಹೇಳುವುದೆಂದರೇನು? ಎರಡು ದಿನ ಊಟ ರುಚಿಸಲಿಲ್ಲ. ಮೂರನೆಯ ದಿನ ಹೊಳೆಯಲ್ಲಿ ಮುಳುಗಿ ಬಂದು ಒಪ್ಪಿಕೊಂಡರು. ಯಂತ್ರಕ್ಕೆ ಹೊದಿಸಿದ್ದ ಚರ್ಮದ ಚೀಲ ಹೊರಗೇ ಇರಬೇಕು ಎಂದರು, ದೊರೆ ಇಟ್ಟ. ಯಂತ್ರದ ಮೇಲೆ ಎರಡು ಹನಿ ತೀರ್ಥ ಚಿಮುಕಿಸಿದಾಗ ಮಾತ್ರ ಆ ಪುಣ್ಯಾತ್ಮನ ಜೀವ ಬಾಯಿಗೆ ಬಂತು.

ಬೀದಿಯಲ್ಲಿ ಗಾಡಿ ಎತ್ತುಗಳ ಗಂಟೆ, ಕಾಗೆಗಳ ಗಲಾಟೆ. ಹಾಗಾಗಿ ದೊರೆ ದನಿ ಹಿಡಿಯುವ ಕಂಬವನ್ನು ಒಳಗೆ, ಅಡುಗೆಮನೆಯ ಬಾಗಿಲ ಪಕ್ಕದಲ್ಲೇ ನಿಲ್ಲಿಸಿದ. ಬಾಗಿಲ ಹಿಂದೆ ಶ್ಯಾಮಣ್ಣನವರ ಅಕ್ಕ ರಾಮಲಕ್ಷ್ಮಮ್ಮ ಮೊರ ಇಟ್ಟುಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ಅವರನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡವರು ಯಾವತ್ತಾದರೂ ಇದ್ದರೆ ತಾನೆ. ಎಂಟಕ್ಕೆ ಮದುವೆ, ಹನ್ನೊಂದಕ್ಕೆ ಕೆಂಪು ಸೀರೆ ಉಟ್ಟು ತಲೆ ಬೋಳಿಸಿಕೊಂಡು ತವರಿಗೆ ವಾಪಸು. ಅಂದು ಒಲೆ ಮುಂದೆ ಕೂತವರು ಅರವತ್ತೈದು ದಾಟಿದರೂ ಅಲ್ಲೇ ಇದ್ದರು. ಸದಾ ತುಟಿ ಅಲ್ಲಾಡುತ್ತಿರುತ್ತಿತ್ತು. ರಾಮನಾಮ ಹೇಳಿಕೊಳ್ಳುತ್ತಾರೆ ಎಂದು ಮನೆಮಂದಿ ತಿಳಿದಿದ್ದರು. ಶ್ಯಾಮಣ್ಣನವರ ಹೆಂಡತಿಯಂತೂ ಇದ್ದಷ್ಟು ದಿನ ಗೊಣಗಮ್ಮ ಎಂದೇ ಕರೆದಿದ್ದಳು.

ಯಂತ್ರ ತಿರುಗಿತು, ದೊರೆ ಕೈ ಎತ್ತಿದ. ಶ್ಯಾಮಣ್ಣನವರು ಕಣ್ಣು ಮುಚ್ಚಿ ಶುರು ಮಾಡಿದರು. ಇಲ್ಲೇ ನೋಡಿ ಅವರು ಎಡವಟ್ಟು ಮಾಡಿದ್ದು. ಪಾಠ ಹೇಳುವವರಿಗೆ ಸಂಥೆ ಎಂಬ ಒಂದು ಕ್ರಮವುಂಟು. ಗುರು ಒಂದು ವಾಕ್ಯವನ್ನು ಒಂದು ಸಲ ಹೇಳಬೇಕು, ಶಿಷ್ಯ ಅದನ್ನು ಎರಡು ಸಲ ಹೇಳುವವರೆಗೆ ಸುಮ್ಮನಿರಬೇಕು. ಮೂವತ್ತು ವರ್ಷ ಹೀಗೆ ಹೇಳಿದ ಬಾಯಿ ಅದು. ಎದುರಿಗಿರುವುದು ಯಂತ್ರ ಎನ್ನುವುದು ಬಾಯಿಗೆ ಹೇಗೆ ಗೊತ್ತಾಗಬೇಕು? ಒಂದು ವಾಕ್ಯ ಹೇಳಿದರು, ಸುಮ್ಮನಾದರು. ಇನ್ನೊಂದು ಹೇಳಿದರು, ಮತ್ತೆ ಸುಮ್ಮನಾದರು. ದೊರೆ ಕೈಬಾಯಿ ಆಡಿಸಿ ನಿಲ್ಲಿಸಬೇಡಿ ಎಂದು ಸನ್ನೆ ಮಾಡಿದ, ಕಣ್ಣು ಮುಚ್ಚಿದವರಿಗೆ ಸನ್ನೆ ಎಲ್ಲಿ ಕಾಣಬೇಕು. ತಟ್ಟೆ ಮುಗಿಯಿತು. ಉಳಿದದ್ದು ಇನ್ನೊಂದೇ ತಟ್ಟೆ.

ಮುಕ್ಕಾಲು ಪಾಲು ಖಾಲಿ ಹೋಯಿತು ಎಂದು ದೊರೆ ತಲೆ ಚಚ್ಚಿಕೊಂಡನಂತೆ. ಆದರೂ ಎಷ್ಟು ಬಂದಿದೆ ನೋಡೋಣ ಎಂದು ತಟ್ಟೆಯನ್ನು ತಿರುಗಿಸಿ ಮುಳ್ಳು ಇಟ್ಟ. ಪೆಟ್ಟಿಗೆಯಿಂದ ಶ್ಯಾಮಣ್ಣನವರ ದನಿ ಹೊರಟಿತು. ಅವರು ಕೂತಲ್ಲೇ ಬೆಚ್ಚಿಬಿದ್ದರು. ತನ್ನ ಬಾಯಿ ಮುಚ್ಚಿರುವಾಗ ತನ್ನ ದನಿ ಎದುರಿಗೆ ಕೂತು ವೇದ ಹೇಳುವುದು ಅವರಿಗೆ ಪ್ರೇತದ ಕೆಲಸದ ಹಾಗೆ ಕಂಡಿತು. ಒಂದು ವಾಕ್ಯ ಮುಗಿಯಿತು. ಈಗ ಖಾಲಿ ಬರಬೇಕು.

ಖಾಲಿ ಬರಲಿಲ್ಲ. ಸಣ್ಣಗೆ, ದೂರದಿಂದ, ಆದರೆ ಒಂದು ಸ್ವರವೂ ಜಾರದೆ ಅದೇ ವಾಕ್ಯ ಬಂತು. ಎರಡು ಸಲ ಬಂತು. ಹೆಣ್ಣುದನಿ.

ಮೇಷ್ಟ್ರು ಮೇಲೆ ಸೂರು ನೋಡತೊಡಗಿದರು. ಶ್ಯಾಮಣ್ಣನವರ ರಕ್ತವೆಲ್ಲ ಎಲ್ಲಿ ಇಂಗಿತೋ, ಮುಖ ಸುಣ್ಣದ ಬಣ್ಣಕ್ಕೆ ತಿರುಗಿತು. ಜಗಲಿಯಿಂದ ಇಣುಕುತ್ತಿದ್ದ ಗೇಣಿದಾರ ಆವುಲಪ್ಪನಿಗೆ ಮಾತ್ರ ಯಾವ ಮುಲಾಜೂ ಇರಲಿಲ್ಲ.

"ಸಾಮೀ, ಇದು ನಮ್ ದೊಡ್ಡಮ್ಮೋರ ಗಂಟಲಲ್ವಾ?" ಎಂದ.

ಒಳಗೆ ಮೊರ ನೆಲಕ್ಕೆ ಬಿತ್ತು, ಅಕ್ಕಿ ಚೆಲ್ಲಿತು. ಶ್ಯಾಮಣ್ಣನವರು ಎದ್ದು, ತಟ್ಟೆಯನ್ನು ಈಗಲೇ ಒಡೆಯಬೇಕು ಎಂದರು. ದೊರೆ ಅದನ್ನು ಎದೆಗೆ ಅವುಚಿಕೊಂಡ. ವೇದವನ್ನು ಹೆಂಗಸು ಹೇಳುವುದೇ, ಅದೂ ತಮ್ಮದೇ ಮನೆಯಲ್ಲಿ, ಅದೂ ತಲೆ ಬೋಳಿಸಿದ ಅಕ್ಕ? ಅಡುಗೆಮನೆಯಲ್ಲಿ ಕೂತು ಕದ್ದು ಕಲಿತ ಪಾಠ ಎಷ್ಟು ಚೆನ್ನಾಗಿ ಇದ್ದೀತು? ಸಿಟ್ಟು ನೆತ್ತಿಗೇರಿದ್ದರಿಂದ ಅವರಿಗೆ ಒಂದು ಉಪಾಯ ಹೊಳೆಯಿತು. ಇನ್ನೊಮ್ಮೆ ಹಾಕಿ ಎಂದರು. ತಪ್ಪು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿ ಆಮೇಲೆ ಒಡೆಯುವುದು, ಅದು ಅವರ ಲೆಕ್ಕಾಚಾರ.

ಒಂದು, ಎರಡು, ಮೂರು. ಬೆರಳು ಮಡಿಸುತ್ತಾ ಕೇಳಿದರು. ಅವರು ಹೇಳಿದ್ದನ್ನೇ ಅಕ್ಕ ಎರಡೆರಡು ಸಲ ಹೇಳಿದ್ದರು. ಏಳರವರೆಗೂ ಕೂದಲೆಳೆಯ ತಪ್ಪಿಲ್ಲ. ಎಂಟನೆಯದಕ್ಕೆ ಬಂದಾಗ ಅವರದು ಒಂದು ವಾಕ್ಯ, ಅಕ್ಕನದು ಬೇರೆಯೇ ಒಂದು ವಾಕ್ಯ. ಅದಾದ ಮೇಲೆ ಅವರು ಹೇಳಿದ್ದನ್ನು ಅಕ್ಕ ಒಂದೇ ಸಲ ಹೇಳಿದ್ದರು.

"ಸಿಕ್ತು," ಎಂದು ಶ್ಯಾಮಣ್ಣನವರು ಬೆರಳೆತ್ತಿದರು.

ಎತ್ತಿದ ಬೆರಳು ಇಳಿಯಲಿಲ್ಲ. ಅಕ್ಕನ ಬಾಯಿಂದ ಬಂದ ಆ ವಾಕ್ಯ ಎಲ್ಲಿಯದು? ಉಪನಯನವಾದ ಹೊಸತರಲ್ಲಿ ಒಂದು ವಾಕ್ಯದ ಹತ್ತಿರ ಬಂದಾಗಲೆಲ್ಲ ಅವರ ನಾಲಿಗೆ ತೊಡರುತ್ತಿತ್ತು, ಅಪ್ಪ ತೊಡೆಯ ಮೇಲೆ ಛಟ್ಟನೆ ಬಾರಿಸುತ್ತಿದ್ದರು. ಅದೇ ವಾಕ್ಯ. ತೊಡೆ ಇನ್ನೂ ಉರಿದ ಹಾಗಾಯಿತು. ಎಂಟನೆಯದು ಅದೇ. ಅವರು ಹೇಳಿದ್ದು ಒಂಬತ್ತನೆಯದು.

ಇವತ್ತು ಬಿಟ್ಟುಹೋಯಿತೇ? ಮನಸ್ಸಿನಲ್ಲೇ ಮತ್ತೆ ಮೊದಲಿನಿಂದ ಹೇಳಿಕೊಂಡರು. ಏಳಾದ ಮೇಲೆ ನಾಲಿಗೆ ತಾನಾಗಿ ಒಂಬತ್ತಕ್ಕೇ ಹೋಯಿತು. ಆ ಹದಿನೇಳು ಜನಕ್ಕೆ ಹೇಳಿದ್ದೂ ಹೀಗೆಯೇ. ಏಳು ತಲೆಮಾರು ಕಾಪಾಡಿದ್ದನ್ನು ತೂತು ಮಾಡಿ ಹದಿನೇಳು ಜನಕ್ಕೆ ಹಂಚಿದ್ದರು, ಈಗ ಅದೇ ತೂತನ್ನು ಲೋಕಕ್ಕೆಲ್ಲ ಕಳಿಸಲು ಹೊರಟಿದ್ದರು. ಅಡುಗೆಮನೆಯ ಹೊಸ್ತಿಲ ಮೇಲೆ ಹೋಗಿ ಕೂತರು.

ಒಳಗೆ ಅಕ್ಕ ಚೆಲ್ಲಿದ ಅಕ್ಕಿಯನ್ನು ಬಾಚುತ್ತಿದ್ದರು.

"ಯಾವಾಗಿಂದ ಬಿಡ್ತಾ ಇದೀನಕ್ಕ?"

"ಅಪ್ಪ ಹೋದ ವರ್ಷದಿಂದ."

ಮೂವತ್ತು ವರ್ಷ. ಮೂವತ್ತು ವರ್ಷ ಅವರು ಆ ವಾಕ್ಯವನ್ನು ದಾಟಿ ಹೋಗಿದ್ದಾರೆ, ಮೂವತ್ತು ವರ್ಷ ಬಾಗಿಲ ಹಿಂದೆ ಅಕ್ಕ ಅದನ್ನು ತುಂಬಿಕೊಂಡು ಬಂದಿದ್ದಾರೆ.

"ಒಂದಿನಾನಾದ್ರೂ ಯಾಕೆ ಹೇಳ್ಲಿಲ್ಲ?"

ರಾಮಲಕ್ಷ್ಮಮ್ಮ ಮೊರದಿಂದ ಕಣ್ಣೆತ್ತಲಿಲ್ಲ. "ಹೇಳಿದ್ರೆ, ನಿಂಗೆ ಹೆಂಗೆ ಗೊತ್ತು ಅಂತ ಕೇಳ್ತಿದ್ದೆ," ಎಂದರು.

ಇವತ್ತು ಬೆಳಿಗ್ಗೆ ಹೇಳಿದ್ದರೂ ಶ್ಯಾಮಣ್ಣನವರು ಹಾಗೇ ಕೇಳುತ್ತಿದ್ದರು, ಬರೀ ಕೇಳಿ ಬಿಡುತ್ತಲೂ ಇರಲಿಲ್ಲ, ಅಕ್ಕನ ಬಾಯಿ ಮುಚ್ಚಿಸುತ್ತಿದ್ದರು. ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಎಂಟನೆಯ ವಾಕ್ಯ ಬದುಕಿ ಉಳಿದದ್ದೇ ಅಕ್ಕ ಸುಮ್ಮನಿದ್ದುದರಿಂದ. ಅವರಿಗೆ ಅಳು ಬಂತು, ಪರದೇಶದವನ ಎದುರು ಅತ್ತೇಬಿಟ್ಟರು.

ಕೊನೆಯ ತಟ್ಟೆಗೆ ಈ ಸಲ ನಿಲ್ಲಿಸದೆ ಹೇಳಿಬಿಡಿ ಎಂದು ಗೋಪಾಲಪ್ಪ ಮೇಷ್ಟ್ರು ಮೆಲ್ಲಗೆ ಅಂದರು, ಬಾಗಿಲು ಬೇಕಾದರೆ ಹಾಕಿಕೊಳ್ಳೋಣ ಎಂದೂ ಸೇರಿಸಿದರು. ಶ್ಯಾಮಣ್ಣನವರು ಕಣ್ಣೊರೆಸಿಕೊಂಡರು. ಎದ್ದು ಬಾಗಿಲನ್ನು ಪೂರ್ತಿ ತೆರೆದರು. ಕಂಬವನ್ನು ಹೊಸ್ತಿಲ ಹತ್ತಿರಕ್ಕೆ ಸರಿಸಿ, ಅದರ ಈಚೆ ಶಿಷ್ಯರು ಕೂರುವ ಹಾಗೆ ತಲೆ ತಗ್ಗಿಸಿ ಚಕ್ಕಳಮಕ್ಕಳ ಹಾಕಿ ಕೂತರು.

"ನೀನು ಹೇಳಕ್ಕ," ಎಂದರು.

ಊರು ಆಮೇಲೆ ಏನೆಂದಿತು ಎಂದು ಕೇಳಬೇಡಿ, ಅನ್ನುವುದನ್ನೆಲ್ಲ ಅಂದಿತು. ತಟ್ಟೆ ಮಾತ್ರ ಮರದ ಪೆಟ್ಟಿಗೆಯಲ್ಲಿ ಹುಲ್ಲು ಸುತ್ತಿಕೊಂಡು ಹಡಗು ಹತ್ತಿತು. ಅದರಲ್ಲಿ ಮುದುಕಿಯೊಬ್ಬಳ ದನಿ ಒಂದು ಸಲ, ಮುದುಕನೊಬ್ಬನ ದನಿ ಎರಡು ಸಲ. ಎಂಟನೆಯ ವಾಕ್ಯಕ್ಕೆ ಬಂದಾಗ ಮುದುಕನ ನಾಲಿಗೆ ಮತ್ತೆ ತೊಡರುತ್ತದೆ. ಆಮೇಲೆ ವೇದದ ನಡುವೆ ನಮ್ಮ ಕಡೆಯ ಕನ್ನಡದಲ್ಲಿ ಒಂದು ಮಾತು ಕೇಳಿಸುತ್ತದೆ.

"ಇನ್ನೊಂದ್ಸಲ ಹೇಳು, ಶಾಮು."